ಸಮುದ್ರ ಯಾಕೆ ಉಪ್ಪು ಟೀಚರ್?

‘ನೇತ್ರಾವತಿಯ ನೀರು ಸಪ್ಪೆ. ಅದು ಹೋಗಿ ಸೇರುವ ಸಮುದ್ರ ಮಾತ್ರ ಯಾಕೆ ಉಪ್ಪು?’

ಐದನೇ ಕ್ಲಾಸಿನಲ್ಲಿರುವ ನನ್ನ ಮಗಳು ಶ್ರುತಿ ಶಾಲೆಯಲ್ಲಿ ಹೀಗೆ ಕೇಳಿದಳು. ‘ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡ, ಕೂತ್ಕೋ’ ಎಂದರಂತೆ ಟೀಚರ್. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಅಂದಿನಿಂದ ಹುಡುಗಿ ಕೈ ಎತ್ತುವುದನ್ನೇ ಬಿಟ್ಟಳು. ನನಗೆ ಹೆದರಿಕೆಯಾದದ್ದು ಅದಕ್ಕೆ. (ಉತ್ತರ ನನಗೂ ಗೊತ್ತಿರಲಿಲ್ಲ, ಅದು ಬೇರೆ ವಿಷಯ.)

ಪುಸ್ತಕ ಹುಡುಕಲು ಹೊರಟೆ. ಬಂಟ್ವಾಳ ಪೇಟೆಯ ಅಂಗಡಿಯವರು ಗೈಡ್ ಮುಂದಿಟ್ಟರು. ‘ಪ್ರಶ್ನೆಯೂ ಉಂಟು, ಉತ್ತರವೂ ಉಂಟು. ಇನ್ನೆಂತ ಬೇಕು ನಿಮಗೆ?’ ಬೆಳ್ತಂಗಡಿಯಲ್ಲಿ ಬಣ್ಣಬಣ್ಣದ ಪುಸ್ತಕಗಳಿದ್ದವು, ಎಲ್ಲವೂ ಇಂಗ್ಲಿಷ್. ಕನ್ನಡ ಮೀಡಿಯಮ್ಮಿನ ಮಕ್ಕಳಿಗೆ ಕುತೂಹಲ ಇರಬಾರದೇ?

ಕೊನೆಗೆ ಮೂಡುಬಿದಿರೆಯ ಒಂದು ಪುಸ್ತಕ ಪ್ರದರ್ಶನದಲ್ಲಿ ಸಿಕ್ಕಿತು. ಸಮುದ್ರದ ಬಗ್ಗೆಯೇ ಬರೆದ ತೆಳ್ಳಗಿನ ಪುಸ್ತಕ. ಚಂದದ ಚಿತ್ರಗಳು, ಸರಳ ಕನ್ನಡ. ಆದರೆ ಇದ್ದದ್ದು ಒಂದೇ ಪ್ರತಿ, ಅದೂ ಇನ್ನೊಬ್ಬರ ಕೈಯಲ್ಲಿ. ಫರಂಗಿಪೇಟೆಯ ಜೊಹರಾ ಅದನ್ನು ತಮ್ಮ ಮಗನಿಗೆಂದು ಆರಿಸಿಕೊಂಡಿದ್ದರು.

‘ಅವನ ಅಪ್ಪ ಸೌದಿಯಿಂದ ಬ್ಯಾಗು, ಪೆನ್ಸಿಲು ಎಲ್ಲ ಕಳಿಸ್ತಾರೆ. ಕನ್ನಡ ಪುಸ್ತಕ ಅಲ್ಲಿಂದ ಬರ್ತದಾ?’ ಎಂದು ನಕ್ಕರು.

ನಾನು ಶ್ರುತಿಯ ವಿಷಯ ಹೇಳಿದೆ. ಅವರು ಪುಸ್ತಕವನ್ನು ನನ್ನ ಕೈಗಿಟ್ಟು, ತಮ್ಮ ಫೋನ್ ನಂಬರನ್ನೂ ಬರೆದುಕೊಟ್ಟರು. ‘ನೀವು ತಕೊಳ್ಳಿ, ನಿಮ್ಮದು ಅರ್ಜೆಂಟ್. ಅವಳು ಓದಿ ಆದ ಮೇಲೆ ನಮಗೆ ಕೊಟ್ಟರೆ ಸಾಕು.’

ಶ್ರುತಿ ಅದೇ ಸಂಜೆ ಓದಿ ಮುಗಿಸಿದಳು. ‘ಅಮ್ಮ, ಉಪ್ಪು ಕೊಂಡುಹೋಗುವುದೇ ಹೊಳೆಯಂತೆ. ಕಲ್ಲು ಮಣ್ಣಿನಿಂದ ಚೂರುಚೂರೇ. ಬಿಸಿಲಿಗೆ ನೀರು ಆವಿ ಆಗ್ತದೆ, ಉಪ್ಪು ಸಮುದ್ರದಲ್ಲೇ ಉಳೀತದೆ.’

ಮರುದಿನ ಪುಸ್ತಕ ಶಾಲೆಗೆ ಹೋಯಿತು. ವಾಪಸ್ ಬರಲಿಲ್ಲ. ಟೀಚರ್ ತೆಗೆದಿಟ್ಟುಕೊಂಡರಂತೆ!

ಮಗುವಿನ ಬಾಯಿ ಮುಚ್ಚಿಸಿದ್ದು ಸಾಲದೇ? ಜೊಹರಾರಿಗೆ ನಾನು ಏನು ಹೇಳಲಿ? ಸಿಟ್ಟಿನಲ್ಲೇ ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಟೀಚರ್ ಒಬ್ಬರೇ ಕೂತು ಅದನ್ನೇ ಓದುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಇನ್ನೂ ಚಿಕ್ಕ ಪ್ರಾಯದವರು.

‘ಬೇಜಾರು ಮಾಡಬೇಡಿ. ಅವಳು ಕೇಳಿದ ದಿನ ನನಗೆ ಉತ್ತರ ಗೊತ್ತಿರಲಿಲ್ಲ. ಮಕ್ಕಳ ಎದುರು ಹಾಗೆ ಹೇಳ್ಲಿಕ್ಕೆ ನಾಚಿಕೆ ಆಯ್ತು. ಎಲ್ಲಿ ನೋಡುವುದು, ನೀವೇ ಹೇಳಿ. ನನ್ನ ಹತ್ತಿರ ಇರುವುದೂ ಅದೇ ಪಾಠಪುಸ್ತಕ. ನಾಳೆ ಇದನ್ನು ಇಡೀ ಕ್ಲಾಸಿಗೆ ಹೇಳ್ತೇನೆ, ಆಮೇಲೆ ಕೊಡ್ತೇನೆ, ಆಗಬಹುದಾ?’

ಬೈಯಲು ಹೋದವಳು ತಲೆಯಾಡಿಸಿ ಬಂದೆ. ಎಸ್‌ಟಿಡಿ ಬೂತಿನಿಂದ ಜೊಹರಾರಿಗೆ ಫೋನ್ ಮಾಡಿದರೆ, ‘ಪಾಪ, ಅವರೂ ಓದಲಿ’ ಎಂದರು.

ಮರುದಿನ ಟೀಚರ್ ಕ್ಲಾಸಿನ ಮುಂದೆ ನಿಲ್ಲಿಸಿದ್ದು ಶ್ರುತಿಯನ್ನೇ. ‘ನನಗೆ ಗೊತ್ತಿಲ್ಲದ್ದನ್ನು ಕೇಳಿದವಳು ಇವಳು, ಉತ್ತರವನ್ನೂ ಇವಳೇ ಓದಲಿ’ ಎಂದರಂತೆ. ಈ ಸಲ ಯಾರೂ ನಗಲಿಲ್ಲ.

ಮಕ್ಕಳಿಗೆ ಒಳ್ಳೆಯ ಪುಸ್ತಕ ಬೇಕು ಎಂದು ನಾವೆಲ್ಲ ಒದ್ದಾಡುತ್ತೇವೆ ಸರಿ, ಅವರಿಗೆ ಕಲಿಸುವವರ ಕೈಗೆ ನಾವು ಏನು ಕೊಟ್ಟಿದ್ದೇವೆ?