ಕಳಕವ್ವನ ಹಳೇ ನೀರು

ನಮ್ಮ ಮಗ್ಗುಲಮನೆಯ ಕಳಕವ್ವನಷ್ಟು ಅಚ್ಚುಕಟ್ಟಿನ ಹೆಂಗಸು ಜಕ್ಕಲಿಯಲ್ಲೇ ಇರಲಿಲ್ಲ. ಹಾಗೆಂದು ಆಕೆಯೇ ಹೇಳುತ್ತಿದ್ದಳು. ದಿನಾ ಬೆಳಗ್ಗೆ ಕೆರೆಯಿಂದ ಎರಡು ಕೊಡ ಸಿಹಿನೀರು ತರುವಳು. ನಿನ್ನೆಯದು ಎಷ್ಟೇ ಉಳಿದಿರಲಿ, ಹಳೇ ನೀರೆಂದು ಚೆಲ್ಲುವಳು. ಕುಡಿಯುವ ನೀರು ಬಚ್ಚಲು ಸೇರಬಾರದೆಂದು ಹಿತ್ತಲ ಗೋಡೆಯ ಬುಡಕ್ಕೆ ಸುರಿಯುವಳು.

ಗೋಡೆಯಾಚೆ ಗುಡ್ಡವ್ವನ ಹಿತ್ತಲು. ಅಲ್ಲೊಂದು ದುಂಡುಮಲ್ಲಿಗೆ ಗಿಡ. ಐವತ್ಮೂರರ ಬೇಸಿಗೆಯಲ್ಲಿ ಕೆರೆ ಕೊನೆಯ ಮೆಟ್ಟಿಲಿಗೆ ಇಳಿದಾಗಲೂ ಅದು ಬುಟ್ಟಿಗಟ್ಟಲೆ ಹೂ ಬಿಡುತ್ತಿತ್ತು. ಗುಡ್ಡವ್ವ ಓಣಿಗೆಲ್ಲ ಮಾಲೆ ಹಂಚುವಳು. ಕಳಕವ್ವನೂ ಮುಡಿಯುವಳು, ಮುಡಿದುಕೊಂಡೇ ಹೊಟ್ಟೆ ಉರಿದುಕೊಳ್ಳುವಳು. ಎಲ್ಲರ ಬಾಯಲ್ಲೂ ಗುಡ್ಡವ್ವನ ಹೆಸರೇ. ಫಳಫಳ ಹೊಳೆಯುವ ತನ್ನ ತಾಮ್ರದ ಕೊಡಗಳನ್ನು ಹೊಗಳುವವರೇ ಇಲ್ಲವಲ್ಲ!

ಊರ ಬಾವಿಗಳೆಲ್ಲ ಸವಳು, ನೀರು ಬಾಯಿಗಿಡಲಾರದಷ್ಟು ಉಪ್ಪು. ಕೆರೆಯ ನೀರನ್ನು ಗಿಡಕ್ಕೆ ಹಾಕಿದವರು ಮಳೆ ಬರುವತನಕ ಕೆರೆಗೆ ಇಳಿಯಕೂಡದೆಂದು ಊರ ಹಿರಿಯರಾದ ಅಂದಾನೆಪ್ಪನವರು ಡಂಗುರ ಹೊಡೆಸಿದ್ದರು. ಕಳಕವ್ವ ಸೀದಾ ಅವರ ಮನೆಗೇ ಹೋದಳು.

"ಗುಡ್ಡವ್ವ ಗಿಡಕ್ಕ ಕೆರಿನೀರ ಹಾಕ್ತಾಳ್ರಿ. ಸವಳನೀರಿಗೆ ಮಲ್ಲಿಗಿ ಹ್ಯಾಂಗ ಬಿಡ್ತೈತ್ರಿ?"

ಅಂದಾನೆಪ್ಪನವರು ಬಂದು ಗಿಡದ ಬುಡ ಕೆದರಿದರು. ಹಸಿ. ಗುಡ್ಡವ್ವನ ಮುಖ ಬಿಳಿಚಿತು.

"ದೇವರಾಣಿ, ನಾ ಒಂದ ಹನಿ ಹಾಕಿಲ್ರಿ. ತಾನ ಬೆಳದೈತ್ರಿ," ಎಂದಳು. ಕೆರೆ ತಪ್ಪಿದರೆ ಆಕೆಯ ಮಕ್ಕಳು ಸವಳುನೀರು ಕುಡಿಯಬೇಕಿತ್ತು. ಕಳಕವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಅಂದಾನೆಪ್ಪನವರು ಹಸಿಮಣ್ಣಿನ ಜಾಡು ಹಿಡಿದು ಕೆದರುತ್ತ ಹೋದರು. ಅದು ಗೋಡೆಯ ಬುಡದ ಇಲಿಬಿಲಕ್ಕೆ ಮುಟ್ಟಿತು. ಗುಡ್ಡವ್ವನ ಹಿತ್ತಲು ತಗ್ಗು, ಕಳಕವ್ವನದು ಎತ್ತರ.

"ಆಚಿಕಡೆ ಏನ ಚೆಲ್ಲತೀಯವಾ ಕಳಕವ್ವ?"

"ಏನಿಲ್ರಿ... ಹಳೇ ನೀರ."

"ಅದೂ ಕೆರಿನೀರನ ಅಲ್ಲೇನ?"

"ಹಳೇದಾತಲ್ರಿ, ಅದ ಯಾವ ನೀರ್ರಿ!"

ನೆರೆದ ಓಣಿಯವರಲ್ಲಿ ಯಾರೋ ಕಿಸಕ್ಕೆಂದರು. ಕೆರೆಯ ನೀರನ್ನು ದಿನಾ ನೆಲಕ್ಕೆ ಸುರಿದವಳು ತಾನೇ ಎಂಬುದು ತಲೆಗೆ ಹೊಕ್ಕಾಗ ಕಳಕವ್ವನ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಆಕಿಗರೆ ಏನ ಗೊತ್ತಿತ್ತ್ರಿ, ಬಿಡ್ರಿ," ಎಂದು ಗುಡ್ಡವ್ವನೇ ಬೇಡಿಕೊಂಡಳು. ಶಿಕ್ಷೆ ತಪ್ಪಿತು. ಇವಳಿಂದ ಉಳಿದೆನಲ್ಲ ಎಂದು ಕಳಕವ್ವನ ಉರಿ ಮೊದಲಿನದಕ್ಕಿಂತ ದೊಡ್ಡದಾಯಿತು.

ಮರುದಿನದಿಂದ ಕಳಕವ್ವ ಒಂದೇ ಕೊಡ ತಂದಳು. ಉಳಿದ ನೀರಿಗೆ ಬಟ್ಟೆ ಮುಚ್ಚಿಟ್ಟು ಮಾರನೆಯ ದಿನ ಅದನ್ನೇ ಕುಡಿದಳು. ಬುದ್ಧಿ ಬಂತೆಂದು ಓಣಿ ಮೆಚ್ಚಿತು. ನನ್ನ ಮುಂದೆ ಮಾತ್ರ ಬಾಯಿಬಿಟ್ಟಳು: "ಬುದ್ಧಿ ಎಲ್ಲಿ ಬಂದೈತಿ? ಗಿಡಾ ಒಣಗ್ಲಿ ಅಂತ ಚೆಲ್ಲೂದ ಬಿಟ್ಟೀನಿ."

ಗಿಡ ಒಣಗತೊಡಗಿತು. ಹತ್ತನೆಯ ದಿನ ಗುಡ್ಡವ್ವ ಗೋಡೆಯ ಮೇಲಿಂದ ಗೇಣುದ್ದದ ಮಾಲೆ ಚಾಚಿದಳು.

"ಇಷ್ಟ ಬಿಟ್ಟಾವ ಯಕ್ಕಾ. ನಿನ್ನ ನೀರಿನ ಹೂವ, ನೀನ ಮುಡಿ."

ಗುಡ್ಡವ್ವನ ತುರುಬು ಬರಿದಾಗಿತ್ತು. ಕಳಕವ್ವ ಮಾಲೆ ಇಸಿದುಕೊಂಡು ಒಳಗೆ ಹೋದಳು, ಮುಡಿಯಲಿಲ್ಲ.

ಮರುದಿನ ನೋಡಿದರೆ ಗೋಡೆಯ ಬುಡಕ್ಕೆ ತಂಬಿಗೆಯಿಂದ ಏನನ್ನೋ ಸುರಿಯುತ್ತಿದ್ದಾಳೆ. ನನ್ನನ್ನು ಕಂಡು ಗದರಿದಳು.

"ಏನ ನೋಡ್ತಿ? ಬ್ಯಾಳಿ ತೊಳದ ನೀರ ಇದು, ಕುಡಿಯೂದಲ್ಲ. ಹೂವ ಬಿಡ್ಲಿ, ಅರ್ಧಾ ನಂದು!"