ಹೋಗುವಾಗ ಎರಡು, ಬರುವಾಗ ಮೂರು

ಕಾಪುವಿನ ಮೀನು ಮಾರ್ಕೆಟ್ಟಿನಲ್ಲಿ ರತ್ನಾವತಿಯ ಲೆಕ್ಕ ತಪ್ಪು ಎಂದು ಹೇಳಿದವರು ಯಾರೂ ಇಲ್ಲ. ಒಂದು ಸಲ ಹೇಳಿದವರು ಇದ್ದಿರಬಹುದು, ಎರಡನೇ ಸಲ ಹೇಳಿದವರಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು, ಬರೆಯಲು ಬರುವುದು ತನ್ನ ಹೆಸರು ಮಾತ್ರ. ಆದರೆ ಹದಿನೇಳು ಬಂಗುಡೆಗೆ ಎಷ್ಟು, ಅದರಲ್ಲಿ ನಾಲ್ಕು ಸಣ್ಣದಿದ್ದರೆ ಎಷ್ಟು ಬಿಡಬೇಕು, ಕಳೆದ ವಾರದ ಬಾಕಿ ಸೇರಿದರೆ ಎಷ್ಟು ಎಂಬುದು ಗಿರಾಕಿ ಮೊಬೈಲ್ ಹೊರಗೆ ತೆಗೆಯುವುದರೊಳಗೆ ಅವಳ ಬಾಯಿಂದ ಬಂದಾಗಿರುತ್ತಿತ್ತು. ಮೂವತ್ತೆಂಟು ವರ್ಷ ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋಗಿ, ಗಂಡಸರ ನಡುವೆ ಭುಜ ತೂರಿಸಿ ಏಲ ಕೂಗಿದವಳು. ಗಂಡ ದೇವದಾಸ ಕುಡಿದು ಕುಡಿದು ತೀರಿಹೋದಾಗ ಮಕ್ಕಳಿಬ್ಬರೂ ಇನ್ನೂ ಶಾಲೆಯಲ್ಲಿದ್ದರು. ಆಮೇಲೆ ಮನೆ ನಡೆದದ್ದು ಈ ಬಾಯಿಲೆಕ್ಕದ ಮೇಲೆಯೇ.

ಅಂಥವಳ ಲೆಕ್ಕ ತಪ್ಪಿದೆ ಎಂದು ಮಗಳು ಶರ್ಮಿಳಾ ಹೇಳಿದ್ದು ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ. ಶರ್ಮಿಳಾ ಮಣಿಪಾಲದ ಒಂದು ಲ್ಯಾಬಿನಲ್ಲಿ ಬಿಲ್ಲಿಂಗ್ ಕೌಂಟರಿನವಳು. ಅಂಕೆಗಳ ವಿಷಯದಲ್ಲಿ ಅವಳಿಗೂ ತಾಯಿಯಷ್ಟೇ ಜಂಬ. ಇಬ್ಬರೂ ಚಾವಡಿಯಲ್ಲಿ ಕುಳಿತು, ಮಾಲ್ದೀವ್ಸಿಗೆ ಒಂದು ವಾರ ಹೋಗಿ ಬರುವ ಖರ್ಚು ಬರೆಯುತ್ತಿದ್ದರು.

ಮಾಲ್ದೀವ್ಸ್ ಎಂದರೆ ಹೊಸತಾಗಿ ಮದುವೆಯಾದವರು ನೀಲಿ ನೀರಿನ ಎದುರು ನಿಂತು ಫೋಟೋ ತೆಗೆಸಿಕೊಳ್ಳುವ ದೇಶ ಎಂದು ಮಾರ್ಕೆಟ್ಟಿನ ಹೆಂಗಸರಿಗೆ ಗೊತ್ತು. ರತ್ನಕ್ಕನಿಗೆ ಹನಿಮೂನಾ ಎಂದು ತಮಾಷೆ ಮಾಡಲು ಬಾಯಿ ತೆರೆದವರು ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಅವಳ ಮಗ ರೋಶನ್ ಅಲ್ಲಿಯ ಒಂದು ರೆಸಾರ್ಟಿನಲ್ಲಿ ದೋಣಿ ಓಡಿಸುತ್ತಿದ್ದ. ಏಳು ವರ್ಷದ ಹಿಂದೆ, ಮೇ ತಿಂಗಳ ಕೊನೆಗೆ, ಪಕ್ಕದ ದ್ವೀಪದಿಂದ ತರಕಾರಿ ತರಲು ಹೋದ ಅವನ ದೋಣಿ ಗಾಳಿಗೆ ಮಗುಚಿತು. ಜೊತೆಗಿದ್ದ ಅಡುಗೆಯವನು ಸಿಕ್ಕಿದ, ದೋಣಿ ಸಿಕ್ಕಿತು, ತರಕಾರಿಯ ಕ್ರೇಟುಗಳೂ ತೇಲಿ ಬಂದವು. ರೋಶನ್ ಸಿಗಲಿಲ್ಲ.

ಹೆಣ ಕಾಣದೆ ಬೊಜ್ಜ ಮಾಡುವುದಿಲ್ಲ ಎಂದು ರತ್ನಾವತಿ ಅಂದೇ ಹೇಳಿಬಿಟ್ಟಳು. ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ಅದನ್ನು ಮಾಡಿದರೆ ಸತ್ತದ್ದು ಹೌದು ಎಂದು ಒಪ್ಪಿದ ಹಾಗೆ. ಯಾರು ಕೇಳಿದರೂ ಮಗ ಹೊರದೇಶದಲ್ಲಿದ್ದಾನೆ ಎನ್ನುತ್ತಿದ್ದಳು. ದೀಪಾವಳಿಯ ಮುಂಚಿನ ದಿನ ಮನೆಯ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುವಾಗ ಸಂಬಂಧಿಕರು ಮೆಲ್ಲಗೆ ಇನ್ನೊಂದು ಎಲೆಯನ್ನು ಮುಂದೆ ತಳ್ಳುವರು. ಅವಳು ಅದನ್ನು ತೆಗೆದು ಹಿಂದಕ್ಕಿಡುವಳು.

ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದೇ ತಿಳಿಯಬಹುದು ಎಂದು ಕಾನೂನು ಹೇಳುತ್ತದಂತೆ. ಶರ್ಮಿಳಾ ರಜೆ ಹಾಕಿ ಹಾಕಿ ಕೋರ್ಟಿಗೆ ಅಲೆದು, ಆಗಸ್ಟಿನಲ್ಲಿ ಮರಣಪತ್ರ ತಂದಳು. ತಾಯಿಗೆ ಓದಿ ಹೇಳಿದಳು. ರತ್ನಾವತಿ ಅಳಲಿಲ್ಲ, ಬೈಯಲೂ ಇಲ್ಲ. ಮೂರು ದಿನ ಬಂದರಿಗೆ ಹೋಗಲಿಲ್ಲ, ಅಷ್ಟೇ. ಜ್ವರ ಬಂದರೂ ಬುಟ್ಟಿ ಎತ್ತಿಕೊಂಡು ಹೊರಡುವವಳು ಮೂರು ದಿನ ಮನೆಯಲ್ಲಿ ಕುಳಿತದ್ದು ನೋಡಿ ಅಕ್ಕಪಕ್ಕದವರಿಗೆ ಭಯವಾಯಿತು. ನಾಲ್ಕನೇ ದಿನ ಮಗಳ ಹತ್ತಿರ, "ಪಾಸ್‌ಪೋರ್ಟ್ ಮಾಡಿಸು. ಹೋಗಿ ಅವನನ್ನು ಕರೆದುಕೊಂಡು ಬರುವ," ಎಂದಳು.

ಅವರ ಪೈಕಿ ಸತ್ತವರನ್ನು ಒಳಗೆ ಕರೆಯುವ ಕ್ರಮ ಉಂಟು. ಬೊಜ್ಜದ ದಿನ ಹೆಸರು ಹಿಡಿದು ಕರೆದು, ಮೊದಲು ಹೋದ ಹಿರಿಯರ ಜೊತೆ ಸೇರಿಸುವುದು. ಪರಸ್ಥಳದಲ್ಲಿ ಸತ್ತವರಾದರೆ, ತಾಯಿಯ ಬಳಿಯವರು, ಎಂದರೆ ತಾಯಿಯ ಕಡೆಯ ಕುಲದವರು, ಯಾರಾದರೂ ಅಲ್ಲಿಗೇ ಹೋಗಿ ಕರೆದು, ಹಿಂದೆ ತಿರುಗಿ ನೋಡದೆ ಮನೆಯವರೆಗೆ ಜೊತೆಗೆ ಕರೆತರಬೇಕು ಎಂಬುದು ರತ್ನಾವತಿಯ ಮನೆಯ ಕಟ್ಟಳೆ. ಅಷ್ಟು ದೂರ ಯಾಕೆ, ಸಮುದ್ರ ಎಲ್ಲ ಒಂದೇ ಅಲ್ವಾ, ನಮ್ಮ ಲೈಟ್‌ಹೌಸಿನ ಬುಡದಲ್ಲೇ ನಿಂತು ಕರೆದರಾಯಿತು ಎಂದು ಊರಿನ ಹಿರಿಯರು ಬುದ್ಧಿ ಹೇಳಿದರು.

"ಸಮುದ್ರ ಒಂದೇ ಇರಬಹುದು," ಎಂದಳು ರತ್ನಾವತಿ. "ಅಷ್ಟು ದೂರದಿಂದ ಅವನು ಈಜಿಕೊಂಡು ಬರಬೇಕಾ?"



ಹಾಗೆ ಬಂದದ್ದು ಈ ಭಾನುವಾರದ ಲೆಕ್ಕ. ರತ್ನಾವತಿಯ ಸೊಸೈಟಿಯ ಠೇವಣಿ ಎಂಬತ್ತು ಸಾವಿರ, ಶರ್ಮಿಳಾ ಕೂಡಿಟ್ಟದ್ದು ಮೂವತ್ತೈದು, ಒಟ್ಟು ಒಂದು ಲಕ್ಷದ ಹದಿನೈದು. ಉಡುಪಿಯಲ್ಲಿ ಟ್ರಾವೆಲ್ಸ್ ಇಟ್ಟಿರುವ ಜೋವಿನ್ ದರಗಳನ್ನೆಲ್ಲ ಫೋನಿನಲ್ಲಿ ಕಳಿಸಿದ್ದ. ಉಡುಪಿಯಿಂದ ತಿರುವನಂತಪುರಕ್ಕೆ ರೈಲು, ಅಲ್ಲಿಂದ ವಿಮಾನ, ವಿಮಾನ ಇಳಿದ ಮೇಲೆ ರೋಶನ್ ತರಕಾರಿ ತರಲು ಹೋಗಿದ್ದ ಆ ಪಕ್ಕದ ದ್ವೀಪದ ಗೆಸ್ಟ್‌ಹೌಸಿಗೆ ದೋಣಿ. ಅಗ್ಗದ ವಿಮಾನ ವಾರಕ್ಕೊಮ್ಮೆ ಮಾತ್ರ ಇದ್ದದ್ದರಿಂದ ಒಂದು ವಾರ ಎಂದರೆ ಒಂದು ವಾರವೇ, ದಿನ ಕಡಿಮೆ ಮಾಡುವ ಹಾಗಿಲ್ಲ. ರತ್ನಾವತಿಗೆ ಡಾಲರಿನ ಲೆಕ್ಕ ತಲೆಗೆ ಹೋಗದೆ ಎಲ್ಲವನ್ನೂ ಮೀನಿಗೆ ಇಳಿಸಿಕೊಂಡಳು. ಗೆಸ್ಟ್‌ಹೌಸಿಗೆ ರಾತ್ರಿಗೆ ನಾಲ್ಕು ಸಾವಿರದ ಇನ್ನೂರು ಎಂದಾಗ, "ಒಂದು ರಾತ್ರಿ ಬೆನ್ನು ಹಾಕಲಿಕ್ಕೆ ನಾಲ್ಕು ಕಿಲೋದ ಅಂಜಲ್," ಎಂದಳು. ಊಟಕ್ಕೆ ದಿನಕ್ಕೆ ಎರಡು ಸಾವಿರ ಎಂದಾಗ ಇನ್ನೆರಡು ಕಿಲೋ ಸೇರಿಸಿಕೊಂಡಳು.

ಶರ್ಮಿಳಾ ಕೂಡಿಸಿದಳು. ಒಂದು ಲಕ್ಷದ ಹನ್ನೆರಡು ಸಾವಿರದ ಒಂಬೈನೂರ ನಲವತ್ತು. ಎರಡು ಸಾವಿರ ಚಿಲ್ಲರೆ ಉಳಿಯುತ್ತದೆ ಎಂದು ಪೆನ್ನಿನ ಕ್ಯಾಪ್ ಹಾಕಿದಳು.

"ಬರುವಾಗ ಎಷ್ಟು ಟಿಕೆಟ್ ಹಾಕಿದ್ದಿ?" ರತ್ನಾವತಿ ಕೇಳಿದಳು.

"ಎರಡು."

"ಮೂರು ಹಾಕು."

"ನಿನ್ನ ಲೆಕ್ಕ ತಪ್ಪಿದೆ ಅಮ್ಮ. ನಾವು ಇಬ್ಬರು ಅಲ್ವಾ ಹೋಗುವುದು?"

"ಹೋಗುವಾಗ ಇಬ್ಬರು. ಬರುವಾಗ ಅವನೂ ಇರ್ತಾನಲ್ಲ. ನಿಲ್ಲಿಸಿಕೊಂಡು ಬರುವುದಾ?"

ಶರ್ಮಿಳಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಮಾನ ಎಂದರೆ ಬಸ್ಸಲ್ಲ, ಗಾಳಿಯಾಗಿ ಹೋದವನಿಗೆ ಸೀಟು ಎಂಥದು, ಮಡಿಲಲ್ಲಿ ಕುಳಿತುಕೊಂಡು ಬರಲಿ ಎಂದು ಏನೇನೋ ಹೇಳಿದಳು. ರತ್ನಾವತಿ ಎಲ್ಲ ಕೇಳಿ, ಯಾವತ್ತೂ ಹೇಳದ ಒಂದು ಸಂಗತಿ ಹೇಳಿದಳು.

ಅವಳಿಗೆ ಒಂಬತ್ತು ವರ್ಷವಿದ್ದಾಗ ಸೋದರಮಾವ ಕಿಟ್ಟ ಒಣಮೀನು ಮಾರಲು ಹೆಬ್ರಿಗೆ ಹೋದವನು ಅಲ್ಲೇ ಜ್ವರ ಬಂದು ಸತ್ತ. ಸುದ್ದಿ ಕಾಪುವಿಗೆ ಮುಟ್ಟುವಾಗ ಅಲ್ಲಿಯವರೇ ಸುಟ್ಟು ಮುಗಿಸಿಯಾಗಿತ್ತು. ತಾಯಿ ರತ್ನಾವತಿಯನ್ನು ಜೊತೆ ಮಾಡಿಕೊಂಡು ಹೋಗಿ, ಸುಟ್ಟ ಜಾಗದಲ್ಲಿ ನಿಂತು ಅಣ್ಣನನ್ನು ಕರೆದು, ಬಸ್ಸು ಹತ್ತಿದಳು. ಎರಡು ಪೂರ್ತಿ ಟಿಕೆಟ್, ಒಂದು ಅರ್ಧ ಎಂದಳು. ಇನ್ನೊಂದು ಯಾರಿಗೆ ಎಂದು ಕಂಡಕ್ಟರ್ ಕೇಳಿದ. ನನ್ನ ಅಣ್ಣನಿಗೆ ಎಂದು ತಾಯಿ ಹೇಳಿದಳು. ಕಂಡಕ್ಟರ್ ಖಾಲಿ ಸೀಟನ್ನು ಒಮ್ಮೆ ನೋಡಿ, ಟಿಕೆಟ್ ಹರಿದು ಕೊಟ್ಟ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಉಡುಪಿಯವರೆಗೆ ಆ ಸೀಟಿನಲ್ಲಿ ಅವನು ಯಾರನ್ನೂ ಕುಳಿತುಕೊಳ್ಳಲು ಬಿಡಲಿಲ್ಲ. ಉಡುಪಿಯಲ್ಲಿ ಬಸ್ಸು ಬದಲಿಸಿದ ಮೇಲೆ ತಾಯಿ ಮತ್ತೊಮ್ಮೆ ಮೂವರದ್ದು ಟಿಕೆಟ್ ತೆಗೆದಳು. ಆ ವಾರ ಮನೆಯಲ್ಲಿ ಗಂಜಿಗೂ ಕಷ್ಟವಿತ್ತು.

"ಟಿಕೆಟ್ ಇಲ್ಲದೆ ಕರೆತಂದರೆ ಅರ್ಧದಾರಿಯಲ್ಲಿ ಇಳಿಸ್ತಾರೆ, ಆಮೇಲೆ ಅವರು ಎಲ್ಲಿಯೂ ಸೇರುವುದಿಲ್ಲ ಅಂತ ಅಮ್ಮ ಹೇಳಿದ್ದಳು," ಎಂದಳು ರತ್ನಾವತಿ. "ನನಗೆ ವಿಮಾನದ ವಿಷಯ ಗೊತ್ತಿಲ್ಲ. ಇದು ಗೊತ್ತುಂಟು."

ಶರ್ಮಿಳಾ ಮತ್ತೆ ಪೆನ್ನು ತೆರೆದಳು. ವಿಮಾನಕ್ಕೆ ಒಂಬತ್ತು ಸಾವಿರದ ಐನೂರು, ದೋಣಿಗೆ ಎರಡು ಸಾವಿರದ ನೂರು, ರೈಲಿಗೆ ನಾನೂರ ಅರವತ್ತು. ಉಳಿಯುವ ಚಿಲ್ಲರೆ ಹಣ ಸೇರಿಸಿದರೂ ಹತ್ತು ಸಾವಿರ ಕಡಿಮೆ ಬೀಳುತ್ತಿತ್ತು. ಯಾರ ಹತ್ತಿರವಾದರೂ ಕೇಳುವ ಎಂದಳು. ಸಾಲದ ದುಡ್ಡಿನಲ್ಲಿ ಕರೆದರೆ ಅವನು ಸಾಲ ಹೊತ್ತುಕೊಂಡೇ ಮನೆಗೆ ಬರ್ತಾನೆ, ಬೇಡ ಎಂದಳು ತಾಯಿ.

ಇನ್ನು ಕಡಿಮೆ ಮಾಡಬಹುದಾದದ್ದು ಒಂದೇ ಇತ್ತು. ಪಟ್ಟಿಯಲ್ಲಿ 'ರೆಸಾರ್ಟ್' ಎಂದು ಬರೆದು ಎದುರಿಗೆ ಹದಿನೇಳು ಸಾವಿರ ಹಾಕಿತ್ತು. ರೋಶನ್ ಕೆಲಸ ಮಾಡುತ್ತಿದ್ದ ರೆಸಾರ್ಟಿನ ಒಳಗೆ ಒಂದು ಹಗಲು ಇದ್ದು ಬರಲು ತಲೆಗೆ ಎಂಟೂವರೆ ಸಾವಿರ. ಅದನ್ನು ಸೇರಿಸಿದವಳು ಶರ್ಮಿಳಾ. ಅಲ್ಲಿಯ ಮರದ ಜೆಟ್ಟಿಯ ಮೇಲೆ ಕಾಲು ಇಳಿಬಿಟ್ಟು ಕುಳಿತ ಫೋಟೋ ಅಣ್ಣ ಅವಳಿಗೆ ಕಳಿಸಿದ ಕೊನೆಯ ಫೋಟೋ. ಬದುಕಿ ಉಳಿದ ಆ ಅಡುಗೆಯವನು ಇನ್ನೂ ಅಲ್ಲೇ ಇದ್ದಾನೆ. ಅಣ್ಣ ಕೊನೆಗೆ ಎಂತ ಹೇಳಿದ, ಹೆದರಿದ್ದನಾ, ಯಾರ ಹೆಸರು ಹೇಳಿದ ಎಂದು ಅವನ ಎದುರು ಕುಳಿತು ಕೇಳಬೇಕೆಂದು ಶರ್ಮಿಳಾ ಏಳು ವರ್ಷ ಕಾದಿದ್ದಳು. ಫೋನಿನಲ್ಲಿ ಕೇಳುವ ಮಾತಲ್ಲ ಅದು. ತಾಯಿಗೆ ಮಗ ಎಷ್ಟೋ ಅವಳಿಗೂ ಅಣ್ಣ ಅಷ್ಟೇ, ಆದರೆ ಈ ಏಳು ವರ್ಷದಲ್ಲಿ ಅವಳ ದುಃಖವನ್ನು ಯಾರೂ ವಿಚಾರಿಸಿರಲಿಲ್ಲ. ರತ್ನಾವತಿಯೂ ವಿಚಾರಿಸಿರಲಿಲ್ಲ.

"ಇದನ್ನು ಬಿಡುವುದಿಲ್ಲ," ಎಂದು ಶರ್ಮಿಳಾ ಎದ್ದು ಹೋದಳು.

ಮೂರು ದಿನ ಮನೆಯಲ್ಲಿ ಮಾತಿಲ್ಲ. ರತ್ನಾವತಿ ಮಾರ್ಕೆಟ್ಟಿನಲ್ಲಿ ಕುಳಿತು, ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಒಬ್ಬಳಿಗೆ ಚಿಲ್ಲರೆ ಹೆಚ್ಚು ಕೊಟ್ಟಳು. ಮಗಳ ಮೇಲೆ ಸಿಟ್ಟು ಬರಲಿ ಎಂದು ಕಾದರೆ ಬರಲಿಲ್ಲ. ತನ್ನ ಮೇಲೆಯೇ ಬೇಸರ ಬಂತು. ಮಗ ಬರುತ್ತಾನೆ ಬರುತ್ತಾನೆ ಎಂದು ಬಾಗಿಲು ಕಾದು ಕಾದು, ಮನೆಯೊಳಗೆ ಇದ್ದವಳ ಮುಖವನ್ನೇ ತಾನು ಸರಿಯಾಗಿ ನೋಡಲಿಲ್ಲ ಎಂದು ಅವಳಿಗೆ ಹೊಳೆಯಿತು. ಬುಧವಾರ ಊಟಕ್ಕೆ ಬಡಿಸುತ್ತಾ, "ರೆಸಾರ್ಟ್ ಇರಲಿ ಮಗಾ. ನಾನು ಅವನಿಗೆ ಬೇರೆ ಎಂತಾದರೂ ದಾರಿ ನೋಡ್ತೇನೆ," ಎಂದಳು. ಅನ್ನ ಕಲಸುತ್ತಿದ್ದ ಶರ್ಮಿಳಾಳ ಕೈ ನಿಂತಿತು.

ಗುರುವಾರ ಸಂಜೆಯವರೆಗೆ ಮಾತ್ರ ಈ ದರ ಎಂದು ಜೋವಿನ್ ಫೋನ್ ಮಾಡಿದ್ದರಿಂದ ಇಬ್ಬರೂ ಉಡುಪಿಗೆ ಹೋದರು. ಜೋವಿನ್ ಕಂಪ್ಯೂಟರಿನ ಎದುರು ಕುಳಿತು, ಹೋಗುವುದು ಎರಡು, ಬರುವುದು ಎರಡು ಅಲ್ವಾ ಎಂದು ಕೇಳಿದ. ರತ್ನಾವತಿ ಹೌದು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಶರ್ಮಿಳಾ ಬ್ಯಾಗಿನಿಂದ ಪಟ್ಟಿ ತೆಗೆದು, ಮೇಜಿನ ಮೇಲಿಟ್ಟು, ರೆಸಾರ್ಟ್ ಎಂದು ಬರೆದಿದ್ದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದಳು.

"ಬರುವಾಗ ಮೂರು ಸೀಟ್ ಬೇಕು. ಒಂದು ಖಾಲಿ. ಹಾಗೆ ಕೊಡ್ತಾರಾ?"

"ಕೊಡ್ತಾರೆ," ಎಂದ ಜೋವಿನ್. "ಎಕ್ಸ್‌ಟ್ರಾ ಸೀಟ್ ಅಂತ ಉಂಟು. ಅಮ್ಮನ ಹೆಸರಿನಲ್ಲೇ ಹಾಕಬಹುದು. ಕಾಲು ಚಾಚಲಿಕ್ಕಾ ರತ್ನಕ್ಕ? ಗಂಟು ನೋವಾ?"

"ನಮ್ಮ ಅಣ್ಣನಿಗೆ," ಎಂದಳು ಶರ್ಮಿಳಾ.

ಜೋವಿನ್ ಒಂದು ಗಳಿಗೆ ಇಬ್ಬರ ಮುಖ ನೋಡಿದ. ರೋಶನ್ ಮೊದಲ ಸಲ ಹೋಗುವಾಗ ಟಿಕೆಟ್ ಮಾಡಿಕೊಟ್ಟವನು ಅವನೇ. ಮತ್ತೇನೂ ಕೇಳದೆ ಕೀಲಿಗಳನ್ನು ಒತ್ತತೊಡಗಿದ. ರತ್ನಾವತಿ ಮೇಜಿನ ಕೆಳಗೆ ಮಗಳ ಕೈ ಹಿಡಿದುಕೊಂಡಳು. ಮೀನು ಕೊಯ್ದು ಕೊಯ್ದು ದೊರಗಾದ ಕೈ, ಬಿಡಲೇ ಇಲ್ಲ.

"ಅಡುಗೆಯವನನ್ನು ನಾವಿರುವ ದ್ವೀಪಕ್ಕೇ ಬರಲಿಕ್ಕೆ ಹೇಳುವ," ಎಂದಳು. "ಅವನಿಗೂ ರಜೆ ಇರುವುದಿಲ್ವಾ? ನಾನೂ ಕೇಳಬೇಕು ಅವನ ಹತ್ತಿರ."

ವಿಮಾನದ ಟಿಕೆಟ್ ಆಯಿತು. ದೋಣಿಯದ್ದು ಅಲ್ಲೇ ಹೋಗಿ ಕೊಡುವುದು. ರೈಲಿನದ್ದನ್ನು ಶರ್ಮಿಳಾ ಅಲ್ಲೇ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಮಾಡತೊಡಗಿದಳು. ರೈಲಿನಲ್ಲಿ ಖಾಲಿ ಬರ್ತ್ ಅಂತ ಕೊಡುವುದಿಲ್ಲ, ಹೆಸರು ಹಾಕಬೇಕು ಎಂದಳು. ಹಾಕು, ಟಿ.ಸಿ. ಬಂದರೆ ನಾನು ಮಾತಾಡ್ತೇನೆ ಎಂದಳು ರತ್ನಾವತಿ. ಶರ್ಮಿಳಾ ತಾಯಿಯ ಹೆಸರು, ಪ್ರಾಯ ಹಾಕಿದಳು. ತನ್ನ ಹೆಸರು ಹಾಕಿ, ಮೂವತ್ತು ಎಂದು ತುಂಬಿಸಿದಳು. ಮೂರನೆಯ ಸಾಲಿನಲ್ಲಿ ರೋಶನ್ ಎಂದು ಬರೆದು ನಿಂತಳು.

"ಪ್ರಾಯ ಕೇಳ್ತದೆ ಅಮ್ಮ. ಎಷ್ಟು ಹಾಕಲಿ?"

ಏಳು ವರ್ಷವೂ ಅವನ ಹುಟ್ಟಿದ ದಿನ ರತ್ನಾವತಿ ಪಾಯಸ ಮಾಡಿ, ಇವತ್ತಿಗೆ ಇಪ್ಪತ್ತೇಳಾಯಿತು, ಇಪ್ಪತ್ತೆಂಟಾಯಿತು ಎಂದು ಒಂದೊಂದೇ ವರ್ಷ ಕೂಡಿಸುತ್ತಾ ಬಂದಿದ್ದಳು. ಈ ಸಲ ಮೂವತ್ತಮೂರು ಎಂದಿದ್ದಳು. ಗಿರಾಕಿ ಬಾಯಿ ಮುಚ್ಚುವುದರೊಳಗೆ ಮೊತ್ತ ಹೇಳುವವಳು ಈಗ ಬೆರಳು ಮಡಚಿ ಒಂದೊಂದೇ ವರ್ಷ ಹಿಂದಕ್ಕೆ ಎಣಿಸಿದಳು.

"ಇಪ್ಪತ್ತಾರು," ಎಂದಳು.

ಶರ್ಮಿಳಾ ತನ್ನ ಮೂವತ್ತರ ಕೆಳಗೆ ಅಣ್ಣನಿಗೆ ಇಪ್ಪತ್ತಾರು ಎಂದು ಒತ್ತಿದಳು.