ಕಳವಾ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲದ ಭಾನುವಾರ

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕ್ರೇನಿನಿಂದ ಜಾರಿದ ತಗಡಿನ ಕಟ್ಟು ನನ್ನ ಗಂಡನ ಬೆನ್ನಿಗೆ ಬಿತ್ತು. ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಮದುವೆಯಾಗಿ ಗದಗದಿಂದ ಮುಂಬಯಿ ಹತ್ತಿರದ ಕಳವಾಕ್ಕೆ ಬಂದು ನನಗೆ ಹೆಚ್ಚು ವರ್ಷಗಳಾಗಿರಲಿಲ್ಲ.

ಅವರನ್ನು ಮನೆಗೆ ತಂದ ಮೇಲೆ ನಾನು ಅತ್ತದ್ದು ನೆನಪಿಲ್ಲ. ಮಗ್ಗುಲು ಹೊರಳಿಸುತ್ತಿದ್ದೆ, ಮೈ ಒರೆಸುತ್ತಿದ್ದೆ, ಮೂತ್ರದ ಚೀಲ ಖಾಲಿ ಮಾಡುತ್ತಿದ್ದೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳುತ್ತಿತ್ತು, ಬೇರೇನೂ ಇಲ್ಲ.

“ನಿನ್ನ ದೇವರು ಅವತ್ತ ಎಲ್ಲಿ ಹೋಗಿದ್ದ?” ಎಂದು ಅವರು ಒಮ್ಮೆ ಕೇಳಿದರು.

“ಗೊತ್ತಿಲ್ರಿ,” ಎಂದೆ. “ಗಂಜಿ ಆರಾಕತ್ತೈತಿ, ಬಾಯಿ ತಗೀರಿ.”

ಆದರೂ ಭಾನುವಾರ ಪಕ್ಕದ ಮನೆಯ ಮರಾಠಿ ಕಾಕುವಿಗೆ ಅವರನ್ನು ನೋಡಿಕೊಳ್ಳಲು ಹೇಳಿ, ಲೋಕಲ್ ಹಿಡಿದು ಡೊಂಬಿವಲಿಯ ಕನ್ನಡ ಸಭೆಗೆ ಹೋಗುತ್ತಿದ್ದೆ. ಶಾಲೆಯ ಕೋಣೆಯೊಂದರಲ್ಲಿ ಆರಾಧನೆ. ಒಮ್ಮೆ ಪಾಸ್ಟರ್ ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ಕರೆದರು. ಎದ್ದು ನಿಂತೆ.

“ಹೇಳಾಕ ಏನೂ ಇಲ್ರಿ. ಬಂದೀನಿ, ಅಷ್ಟ.”

ಕೂತೆ. ಹಿಂದಿನ ಬೆಂಚಿನ ಅಜ್ಜಿ ಬೆನ್ನ ಮೇಲೆ ಕೈಯಿಟ್ಟರು. ಬೇರೆ ಯಾರದೋ ಬೆನ್ನ ಮೇಲೆ ಇಟ್ಟ ಹಾಗಿತ್ತು.

ಒಂದು ಭಾನುವಾರ ಹಳಿ ರಿಪೇರಿಗೆಂದು ಮೆಗಾಬ್ಲಾಕ್. ಸ್ಟೇಷನ್ನಿನಿಂದ ಮರಳಿ ಬಂದು ಅಕ್ಕಿ ಆರಿಸಲು ಕೂತೆ.

“ಯಾಕ, ಸಭಾಕ್ಕ ಹೋಗಲಿಲ್ಲೇನು?” ಎಂದು ಹಾಸಿಗೆಯಿಂದ ಗಂಡ ಕೇಳಿದರು.

“ಗಾಡಿ ಇಲ್ಲಿ ನಿಂದರವಲ್ವಂತ್ರಿ.”

ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ, “ಹಂಗಾರ ಇಲ್ಲೇ ಓದು,” ಎಂದರು.

ಸತ್ಯವೇದ ತೆರೆದುಕೊಂಡದ್ದು ವಂಶಾವಳಿಯ ಪುಟದಲ್ಲಿ. ಯಾರು ಯಾರನ್ನು ಪಡೆದರು ಎಂಬ ಬರೀ ಹೆಸರುಗಳು. ಪುಟ ತಿರುವಬೇಕೆಂದೂ ತೋಚದೆ ಅದನ್ನೇ ಓದಿದೆ. ನಿಲ್ಲಿಸಿದೆ.

“ಮುಂದ?” ಎಂದರು.

ಆ ಹೊತ್ತು ನನಗೆ ಸಂತೋಷವೇನೂ ಆಗಲಿಲ್ಲ. ಮುಂದಕ್ಕೆ ಓದಿದೆ. ಮರುದಿನ ಅವರೇ ಕೇಳಿದರು, ಮತ್ತೆ ಓದಿದೆ. ಹಾಗೇ ಕೆಲವು ವರ್ಷ ನಡೆಯಿತು.

ಕಡೆಗೆ ಕಿಡ್ನಿ ಕೈಕೊಟ್ಟಿತು. ಕೊನೆಯ ದಿನಗಳಲ್ಲಿ ಸಂಜೆಯ ಪ್ರಾರ್ಥನೆಯನ್ನು ಅವರೇ ಮಾಡುತ್ತಿದ್ದರು, ಮೆಲ್ಲಗೆ, ಉಸಿರು ಎಳೆದುಕೊಳ್ಳುತ್ತ. ಅದರಲ್ಲಿ ತಮಗಾಗಿ ಏನನ್ನೂ ಕೇಳುತ್ತಿರಲಿಲ್ಲ. ನನ್ನ ಹೆಸರು ಹೇಳುತ್ತಿದ್ದರು. ನಾನು ಅವರ ಪಾದ ಹಿಡಿದು ಕೂತಿರುತ್ತಿದ್ದೆ. ಆ ಪಾದಗಳಿಗೆ ಅದು ತಿಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು.